ಕ್ಯಾಸಿನೋದಲ್ಲಿ ಗೆದ್ದ ದುಡ್ಡು ಚೈಲ್ಡ್ ಸಪೋರ್ಟ್ ಬಾಕಿಗೆ ಸಿಗುತ್ತಾ?

ಪ್ರಶ್ನೆ: ನಾನಿರೋದು ಕೊಲೊರಾಡೋದಲ್ಲಿ. ಮಗಳ ಚೈಲ್ಡ್ ಸಪೋರ್ಟ್, ಅಂದ್ರೆ ಅವಳ ಖರ್ಚಿಗೆ ಅವಳಪ್ಪ ಕೊಡ್ಬೇಕಾದ ದುಡ್ಡು, ಎಂಟು ತಿಂಗಳಿಂದ ಬಂದಿಲ್ಲ, ಕೇಳಿದ್ರೆ ಕೈಯಲ್ಲಿ ಕಾಸಿಲ್ಲ ಅಂತಾರೆ, ಆದ್ರೆ ಮೊನ್ನೆ ಇಲ್ಲಿನ ಕ್ಯಾಸಿನೋ ಊರು ಬ್ಲ್ಯಾಕ್ ಹಾಕ್‌ನಲ್ಲಿ ಸ್ಲಾಟ್ ಮೆಷಿನ್ ಮುಂದೆ ಹಲ್ಲು ಕಿರ್ಕೊಂಡು ನಿಂತಿರೋ ಫೋಟೋ ಹಾಕಿದಾರೆ. ಆ ದುಡ್ಡು ನಮಗೆ ಬರುತ್ತಾ?

ಉತ್ತರ 1: ಬರಬಹುದು ಅಕ್ಕ. ಅಲ್ಲಿ 2008ರಿಂದಲೇ ರೂಲ್ ಇದೆ, ಡಬ್ಲ್ಯು-2ಜಿ ಅನ್ನೋ ಜೂಜಿನ ಗೆಲುವಿನ ಟ್ಯಾಕ್ಸ್ ಫಾರ್ಮ್ ಬೇಕಾಗೋಷ್ಟು ದೊಡ್ಡದು ಗೆದ್ರೆ ಕ್ಯಾಸಿನೋದವ್ರು ದುಡ್ಡು ಕೊಡೋ ಮುಂಚೆ ಬಾಕಿದಾರರ ಲಿಸ್ಟ್ ನೋಡ್ಬೇಕು, ಹೆಸರಿದ್ರೆ ಬಾಕಿ ಎಷ್ಟಿದ್ಯೋ ಅಷ್ಟು ಹಿಡ್ಕೋತಾರೆ.

ಉತ್ತರ 2: ಬ್ಲ್ಯಾಕ್‌ಜಾಕ್ ಇಸ್ಪೀಟಾಟದಲ್ಲಿ ಗೆದ್ರೆ ಆ ಫಾರ್ಮೇ ಇಲ್ಲ, ಆರಾಮಾಗಿ ಜೇಬಿಗೆ ಇಳಿಸ್ಕೊಂಡು ಹೋಗ್ತಾರೆ 😏

ಉತ್ತರ 3: ಮೊದಲು ಕೌಂಟಿ ಚೈಲ್ಡ್ ಸಪೋರ್ಟ್ ಆಫೀಸಲ್ಲಿ ಕೇಸ್ ಓಪನ್ ಆಗಿದ್ಯಾ ನೋಡಿ, ನೀವಿಬ್ರೇ ಬಾಯಿಮಾತಲ್ಲಿ ಒಪ್ಕೊಂಡಿದ್ರೆ ಲಿಸ್ಟಲ್ಲಿ ಹೆಸರೇ ಬರಲ್ಲ.