ಔಷಧದಲ್ಲಿ ಗೆದ್ದ ಪ್ರೋಟೀನ್ ತಿದ್ದುಪಡಿ ಹತ್ತಿ ಹೊಲದಲ್ಲಿ ಏಕೆ ಸೋಲುತ್ತಿದೆ?

ಪ್ರಶ್ನೆ: ಮಾನ್ವಿ_ಔಷಧದಂಗಡಿ

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆಯಲ್ಲಿ ಔಷಧದ ಅಂಗಡಿ ನಡೆಸುತ್ತೇನೆ, ಮನೆಯ ಹೊಲದಲ್ಲಿ ತಮ್ಮ ಬಿಟಿ ಹತ್ತಿ (ಹುಳು ಕೊಲ್ಲುವ ಪ್ರೋಟೀನಿಗಾಗಿ ಬಿಟಿ ಎಂಬ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಹತ್ತಿ) ಬೆಳೆಯುತ್ತಾನೆ. ಅಂಗಡಿಯ ಫ್ರಿಜ್ಜಿನಲ್ಲಿರುವ ಇನ್ಸುಲಿನ್ ಗ್ಲಾರ್ಜಿನ್, ಸೆಮಾಗ್ಲುಟೈಡ್ ಎಂಬ ಮಧುಮೇಹದ ಔಷಧಗಳೆಲ್ಲ ದೇಹದಲ್ಲಿ ಸಹಜವಾಗಿಯೇ ಇರುವ ಹಾರ್ಮೋನುಗಳನ್ನು ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ಮಾಡಿದವು ಎಂದು ಓದಿದ್ದೇನೆ. ಕೆಲವೇ ನಿಮಿಷ ಉಳಿಯುವ ವಸ್ತುವನ್ನು ವಾರಕ್ಕೊಮ್ಮೆ ಚುಚ್ಚಿಕೊಂಡರೆ ಸಾಕೆನ್ನುವಂತೆ ಮಾಡಲಾಗಿದೆ, ವರ್ಷಗಳು ಕಳೆದರೂ ಅದು ಕೆಲಸ ಮಾಡುತ್ತಲೇ ಇರುತ್ತದೆ.

ಹತ್ತಿಯಲ್ಲಿರುವುದೂ ಪ್ರೋಟೀನೇ. ಆದರೆ ನವೆಂಬರ್ ದಾಟಿದ ಮೇಲೆ ಹೊರಗಿನಿಂದ ಚೆನ್ನಾಗಿಯೇ ಕಾಣುವ ಕಾಯಿಯನ್ನು ಒಡೆದು ನೋಡಿದರೆ ಎರಡು ಬೀಜಗಳನ್ನು ಒಂದಕ್ಕೊಂದು ಅಂಟಿಸಿಕೊಂಡು ನಡುವೆ ಗುಲಾಬಿ ಕಾಯಿಕೊರಕ ಕುಳಿತಿರುತ್ತದೆ, ಅರಳೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಬಿಟಿ ಪ್ರೋಟೀನನ್ನು ತಿಂದೇ ಅದು ಬೆಳೆದಿದೆ. ಔಷಧದ ಪ್ರೋಟೀನನ್ನು ಇಷ್ಟು ಚೆನ್ನಾಗಿ ತಿದ್ದಬಲ್ಲ ವಿಜ್ಞಾನಕ್ಕೆ ಈ ಪ್ರೋಟೀನನ್ನು ತಿದ್ದಲು ಬರುವುದಿಲ್ಲವೇ, ಅಥವಾ ಯಾರಿಗೂ ಅದು ಬೇಕಾಗಿಲ್ಲವೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ: ಪೆಪ್ಟೈಡ್_ಬೆಂಗಳೂರು

ನಿಮ್ಮ ಪ್ರಶ್ನೆಯ ಔಷಧದ ಭಾಗಕ್ಕೆ ನಾನು ಉತ್ತರಿಸುತ್ತೇನೆ, ಕೀಟದ ಭಾಗವನ್ನು ಆ ಕ್ಷೇತ್ರದವರಿಗೆ ಬಿಡುತ್ತೇನೆ.

ಊಟವಾದ ಮೇಲೆ ನಮ್ಮ ಕರುಳಿನಿಂದ ಹೊರಡುವ ಜಿಎಲ್‌ಪಿ-1 ಎಂಬ ಹಾರ್ಮೋನು 31 ಅಮೈನೋ ಆಮ್ಲಗಳ, ಅಂದರೆ ಪ್ರೋಟೀನಿನ ಬಿಡಿ ಕೊಂಡಿಗಳ, ಸಣ್ಣ ಸರಪಳಿ (ಇಂಥ ಸಣ್ಣ ಸರಪಳಿಗೆ ಪೆಪ್ಟೈಡ್ ಎನ್ನುತ್ತಾರೆ). ರಕ್ತಕ್ಕೆ ಸೇರಿದ ಸುಮಾರು ಎರಡು ನಿಮಿಷಗಳಲ್ಲಿ ಅದರ ಅರ್ಧ ಭಾಗ ನಿಷ್ಕ್ರಿಯವಾಗುತ್ತದೆ, ಏಕೆಂದರೆ ಡಿಪಿಪಿ-4 ಎಂಬ ಕಿಣ್ವವು ಸರಪಳಿಯ ತುದಿಯಲ್ಲಿ ಎರಡನೆಯದಾಗಿರುವ ಅಲನೀನನ್ನು ಗುರುತಿಸಿ ಅದರ ಪಕ್ಕದಲ್ಲೇ ಕತ್ತರಿಸುತ್ತದೆ. ಸೆಮಾಗ್ಲುಟೈಡಿನಲ್ಲಿ ಆ ಅಲನೀನಿನ ಜಾಗದಲ್ಲಿ ಎಐಬಿ ಎಂಬ ಬೇರೊಂದು ಅಮೈನೋ ಆಮ್ಲವಿದೆ. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಹೆಚ್ಚುವರಿ ಮೀಥೈಲ್ ಗುಂಪು, ಆದರೆ ಅದು ಅಡ್ಡ ಬರುವುದರಿಂದ ಕಿಣ್ವಕ್ಕೆ ಅಲ್ಲಿ ಕತ್ತರಿಸಲಾಗುವುದಿಲ್ಲ. ಇಷ್ಟರಿಂದಲೇ ಔಷಧ ವಾರವಿಡೀ ಉಳಿಯುವುದಿಲ್ಲ. ಸರಪಳಿಯ ಮಧ್ಯದ ಒಂದು ಲೈಸೀನಿಗೆ 18 ಇಂಗಾಲಗಳ ಕೊಬ್ಬಿನಾಮ್ಲದ ಬಾಲವನ್ನು ಜೋಡಿಸಿದ್ದಾರೆ. ಆ ಬಾಲ ರಕ್ತದಲ್ಲಿರುವ ಆಲ್ಬುಮಿನ್ ಎಂಬ ದೊಡ್ಡ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಮೂತ್ರಪಿಂಡಗಳು ಔಷಧವನ್ನು ಬೇಗನೆ ಹೊರಹಾಕಲಾರವು. ಬಾಲ ತಪ್ಪು ಜಾಗಕ್ಕೆ ಅಂಟಬಾರದೆಂದು ಇನ್ನೊಂದು ಲೈಸೀನನ್ನು ಆರ್ಜಿನೀನಿಗೆ ಬದಲಾಯಿಸಿದ್ದಾರೆ. ಒಟ್ಟು ಬದಲಾವಣೆ ಇಷ್ಟೇ.

ಎಐಬಿಯ ಬಗ್ಗೆ ಬೆಂಗಳೂರಿನವನಾಗಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮಣ್ಣಿನ ಕೆಲವು ಶಿಲೀಂಧ್ರಗಳ ಪೆಪ್ಟೈಡುಗಳಲ್ಲಿ ಸಿಗುವ ಈ ಅಮೈನೋ ಆಮ್ಲ ಸರಪಳಿಯನ್ನು ಹೇಗೆ ಸುರುಳಿಯಾಗಿ ಬಾಗಿಸುತ್ತದೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಬಲರಾಮ್ ಮತ್ತು ಅವರ ಸಹೋದ್ಯೋಗಿಗಳು ದಶಕಗಳ ಕಾಲ ಅಧ್ಯಯನ ಮಾಡಿದರು. ಜಿ.ಎನ್. ರಾಮಚಂದ್ರನ್ ಅವರು 1963ರಲ್ಲಿ ಪ್ರಕಟಿಸಿದ, ಪ್ರೋಟೀನ್ ಸರಪಳಿ ಯಾವ ಯಾವ ಕೋನಗಳಲ್ಲಿ ಬಾಗಬಲ್ಲದೆಂದು ತೋರಿಸುವ ನಕ್ಷೆಯಲ್ಲಿ ಸಾಮಾನ್ಯ ಅಮೈನೋ ಆಮ್ಲಗಳಿಗೆ ಎಷ್ಟು ಜಾಗವಿದೆಯೋ ಅದರ ಸಣ್ಣ ಪಾಲು ಮಾತ್ರ ಎಐಬಿಗೆ ದಕ್ಕುತ್ತದೆ. ಸೆಮಾಗ್ಲುಟೈಡ್ ಅಲ್ಲಿಂದ ಬಂತೆಂದು ನಾನು ಹೇಳುತ್ತಿಲ್ಲ. ಯಾರಿಗೂ ತಕ್ಷಣ ಉಪಯೋಗ ಕಾಣದಿದ್ದ ಕಾಲದಲ್ಲಿ ಇಂಥ ವಿಷಯವನ್ನು ನಮ್ಮ ಊರಿನಲ್ಲಿ ತಾಳ್ಮೆಯಿಂದ ಓದುತ್ತಿದ್ದರು ಎಂಬುದನ್ನು ನೆನಪಿಸಿದೆ, ಅಷ್ಟೇ.

ಗ್ಲಾರ್ಜಿನ್ ವಿಷಯದಲ್ಲಿ ತಂತ್ರ ಬೇರೆ. 51 ಅಮೈನೋ ಆಮ್ಲಗಳ ಇನ್ಸುಲಿನ್ನಿನಲ್ಲಿ ಒಂದನ್ನು ಬದಲಿಸಿ, ಬಿ ಸರಪಳಿಯ ತುದಿಗೆ ಎರಡು ಆರ್ಜಿನೀನ್ ಸೇರಿಸಿದ್ದಾರೆ. ಇದರಿಂದ ಆಮ್ಲೀಯ ದ್ರಾವಣದಲ್ಲಿ ತಿಳಿಯಾಗಿರುವ ಔಷಧ ಚರ್ಮದಡಿಗೆ ಹೋದೊಡನೆ ಗರಣೆಗಟ್ಟಿ, ಅಲ್ಲಿಂದ ನಿಧಾನವಾಗಿ ಕರಗುತ್ತದೆ.

ಆದರೆ ಈ ಗೆಲುವನ್ನು ಅತಿಯಾಗಿ ಹೊಗಳುವುದೂ ಬೇಡ. ಚುಚ್ಚುಮದ್ದಿನಲ್ಲಿ ವಾರಕ್ಕೆ 1 ಮಿಲಿಗ್ರಾಂ ಕೊಡುವ ಸೆಮಾಗ್ಲುಟೈಡನ್ನು ಗುಳಿಗೆಯಾಗಿ ಕೊಡಬೇಕಾದರೆ ದಿನಕ್ಕೆ 14 ಮಿಲಿಗ್ರಾಂವರೆಗೆ ಬೇಕಾಗುತ್ತದೆ, ಅಂದರೆ ವಾರಕ್ಕೆ 98. ಹೀರಿಕೊಳ್ಳಲು ನೆರವಾಗುವ ವಸ್ತುವನ್ನು ಬೆರೆಸಿದರೂ ಸುಮಾರು ಶೇ. 1ರಷ್ಟು ಮಾತ್ರ ರಕ್ತಕ್ಕೆ ಸೇರುತ್ತದೆ. ಪ್ರೋಟೀನನ್ನು ಅರಗಿಸಿಕೊಳ್ಳುವುದೇ ಜಠರದ ಕೆಲಸವಾದ್ದರಿಂದ ಅದನ್ನು ತಪ್ಪು ಎನ್ನುವಂತಿಲ್ಲ.

ಉತ್ತರ: ಕೀಟಶಾಸ್ತ್ರ_ಧಾರವಾಡ

ಮೇಲಿನವರು ಬರೆದದ್ದು ಸರಿಯಾಗಿದೆ. ಮೂಲ ಪ್ರಶ್ನೆಗೆ ಬರುವುದಾದರೆ, ಬಿಟಿ ಪ್ರೋಟೀನನ್ನು ತಿದ್ದಲು ಬರುವುದಿಲ್ಲ ಎನ್ನುವುದು ನಿಜವಲ್ಲ. ತಿದ್ದಿದ್ದಾರೆ, ಒಮ್ಮೆಯಲ್ಲ. ಕಷ್ಟ ಇರುವುದು ಬೇರೆ ಕಡೆ.

ಮೊದಲು ಅದು ಕೊಲ್ಲುವ ಬಗೆಯನ್ನು ನೋಡಬೇಕು. ಮೊದಲ ಬಿಟಿ ಹತ್ತಿಯಲ್ಲಿದ್ದ ಕ್ರೈ1ಎಸಿ ಎಂಬ ಬಿಟಿ ಪ್ರೋಟೀನು ಹುಳುವಿನ ಕ್ಷಾರೀಯ ಕರುಳಿನಲ್ಲಿ ಕಿಣ್ವಗಳಿಂದ ಕತ್ತರಿಸಲ್ಪಟ್ಟು ಚುರುಕಾಗುತ್ತದೆ, ಕರುಳಿನ ಗೋಡೆಯ ಕ್ಯಾಡ್ಹೆರಿನ್ ಎಂಬ ರಿಸೆಪ್ಟರನ್ನು (ಬೇರೆ ಅಣುಗಳು ಬಂದು ಅಂಟುವ ಪ್ರೋಟೀನನ್ನು) ಹಿಡಿಯುತ್ತದೆ, ಆ ಹಿಡಿತದಿಂದ ಅದರ ತುದಿಯ ಒಂದು ಸುರುಳಿ ಕಳಚುತ್ತದೆ, ಅನಂತರ ಹಲವು ಅಣುಗಳು ಒಟ್ಟುಗೂಡಿ ಜೀವಕೋಶದ ಪೊರೆಯಲ್ಲಿ ರಂಧ್ರ ಕೊರೆಯುತ್ತವೆ. ನಮ್ಮ ಜಠರ ಆಮ್ಲೀಯ, ನಮ್ಮ ಕರುಳಿನಲ್ಲಿ ಅದಕ್ಕೆ ಹಿಡಿಯಲು ಆ ರಿಸೆಪ್ಟರೂ ಇಲ್ಲ. ಗುಲಾಬಿ ಕಾಯಿಕೊರಕದಲ್ಲಿ ಆದದ್ದೇನೆಂದರೆ, ಕ್ಯಾಡ್ಹೆರಿನ್ ಜೀನಿನಲ್ಲಿ ರೂಪಾಂತರವಾಗಿ ಪ್ರೋಟೀನು ಹಿಡಿಯಬೇಕಾದ ಜಾಗವೇ ಕೆಟ್ಟುಹೋಯಿತು. 2006ರಲ್ಲಿ ಎರಡನೆಯ ತಲೆಮಾರಿನ ಬಿಟಿ ಹತ್ತಿಯ ಜೊತೆಗೆ ಬಂದ ಕ್ರೈ2ಎಬಿ ಎಂಬ ಇನ್ನೊಂದು ಬಿಟಿ ಪ್ರೋಟೀನು ಬೇರೆ ದಾರಿಯಲ್ಲಿ ಕೆಲಸ ಮಾಡುತ್ತಿತ್ತು. ಹುಳು ಅದಕ್ಕೆ ಸಂಬಂಧಿಸಿದ ಎಬಿಸಿಎ2 ಎಂಬ ಜೀನನ್ನೂ ಕೆಡಿಸಿಕೊಂಡು ಪಾರಾಯಿತು.

ಇನ್ನು ತಿದ್ದುಪಡಿಯ ವಿಷಯ. 2007ರಲ್ಲಿ ಮೆಕ್ಸಿಕೋದ ರಾಷ್ಟ್ರೀಯ ವಿಶ್ವವಿದ್ಯಾಲಯದ ಸೊಬೆರೋನ್, ಬ್ರಾವೋ ಮತ್ತು ಅಮೆರಿಕದ ಅರಿಜೋನದ ತಬಾಷ್ನಿಕ್ ಅವರ ತಂಡ, ಕ್ಯಾಡ್ಹೆರಿನ್ ಹಿಡಿತದ ನಂತರ ಕಳಚಬೇಕಾಗಿದ್ದ ಆ ಸುರುಳಿಯನ್ನು ಮೊದಲೇ ತೆಗೆದುಹಾಕಿ ಪ್ರೋಟೀನನ್ನು ತಯಾರಿಸಿತು. ರಿಸೆಪ್ಟರಿನ ನೆರವಿಲ್ಲದೆಯೇ ಅದು ಒಟ್ಟುಗೂಡಿತು, ನಿರೋಧಕತೆ ಬಂದಿದ್ದ ಗುಲಾಬಿ ಕಾಯಿಕೊರಕವನ್ನೇ ಕೊಂದಿತು. ಇದಕ್ಕಿಂತ ಚೊಕ್ಕವಾದ ಯೋಚನೆಯನ್ನು ನಾನು ಈ ಕ್ಷೇತ್ರದಲ್ಲಿ ಕಂಡಿಲ್ಲ. ಆದರೆ ಮುಂದಿನ ಪ್ರಯೋಗಗಳಲ್ಲಿ, ನಿರೋಧಕತೆ ಇಲ್ಲದ ಸಾಮಾನ್ಯ ಹುಳುಗಳ ಮೇಲೆ ಹಲವೆಡೆ ಇದರ ಬಲ ಮೂಲ ಪ್ರೋಟೀನಿಗಿಂತ ಕಡಿಮೆ ಎಂದು ಕಂಡುಬಂತು. 2016ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಡೇವಿಡ್ ಲಿಯು ಅವರ ತಂಡ ಇನ್ನೊಂದು ದಾರಿ ಹಿಡಿಯಿತು. ಬ್ಯಾಕ್ಟೀರಿಯಾದ ವೈರಸ್ಸಿನಲ್ಲಿ ಬಿಟಿ ಜೀನನ್ನಿಟ್ಟು, ಎಲೆಕೋಸಿನ ಲೂಪರ್ ಹುಳುವಿನ ಕ್ಯಾಡ್ಹೆರಿನ್ನನ್ನು ಹಿಡಿಯುವ ರೂಪಗಳಷ್ಟೇ ಸಂತಾನ ಮುಂದುವರಿಸುವಂತೆ ವ್ಯವಸ್ಥೆ ಮಾಡಿ, 500ಕ್ಕೂ ಹೆಚ್ಚು ತಲೆಮಾರುಗಳ ವಿಕಾಸವನ್ನು ಪ್ರಯೋಗಶಾಲೆಯಲ್ಲೇ ಓಡಿಸಿದರು. ಕೊನೆಗೆ ಸಿಕ್ಕ ಪ್ರೋಟೀನುಗಳು ಕ್ರೈ1ಎಸಿಗೆ ಜಗ್ಗದ ಲೂಪರ್ ಹುಳುಗಳ ಮೇಲೆ ಮೂಲಕ್ಕಿಂತ 335 ಪಟ್ಟಿನವರೆಗೆ ಪರಿಣಾಮಕಾರಿಯಾಗಿದ್ದವು.

ಹಾಗಾದರೆ ತೊಂದರೆ ಎಲ್ಲಿದೆ? ನಿಮ್ಮ ಅಂಗಡಿಗೆ ಬರುವ ರೋಗಿಯ ಇನ್ಸುಲಿನ್ ರಿಸೆಪ್ಟರು ಔಷಧದಿಂದ ತಪ್ಪಿಸಿಕೊಳ್ಳಲು ಹವಣಿಸುವುದಿಲ್ಲ, ಗ್ಲಾರ್ಜಿನ್‌ಗೆ ಬಗ್ಗದ ಜನರ ಸಂತತಿ ಬೆಳೆಯುವುದೂ ಇಲ್ಲ. ಹೊಲದಲ್ಲಿ ಹಾಗಲ್ಲ. ಪ್ರೋಟೀನಿಗೆ ಸಿಕ್ಕ ಹುಳುಗಳೆಲ್ಲ ಸತ್ತು, ಸಿಗದ ಒಂದೆರಡೇ ಉಳಿದು, ಅವು ತಮ್ಮಲ್ಲೇ ಕೂಡಿ ಮೊಟ್ಟೆಯಿಡುತ್ತವೆ. ಎಷ್ಟು ಚೆನ್ನಾಗಿ ತಿದ್ದಿದ ಪ್ರೋಟೀನಾದರೂ ಇದೇ ಪರೀಕ್ಷೆಯನ್ನು ಪ್ರತಿ ಹಂಗಾಮಿನಲ್ಲೂ ಎದುರಿಸಬೇಕು.

ಈ ಪರೀಕ್ಷೆಯನ್ನು ನಿಧಾನಗೊಳಿಸುವ ಉಪಾಯ ನಮಗೆ ಮೊದಲಿನಿಂದಲೂ ಗೊತ್ತಿತ್ತು. 450 ಗ್ರಾಂ ಬಿಟಿ ಬೀಜದ ಪೊಟ್ಟಣದ ಜೊತೆ 120 ಗ್ರಾಂ ನಾನ್-ಬಿಟಿ ಬೀಜದ ಸಣ್ಣ ಪೊಟ್ಟಣ ಬರುತ್ತಿತ್ತಲ್ಲ, ಅದನ್ನು ಹೊಲದ ಸುತ್ತ ಬಿತ್ತಬೇಕಾಗಿತ್ತು. ಅಲ್ಲಿ ಬದುಕುಳಿದ ಸಾಮಾನ್ಯ ಪತಂಗಗಳು ನಿರೋಧಕ ಪತಂಗಗಳೊಂದಿಗೆ ಕೂಡಿದರೆ ಹುಟ್ಟುವ ಮರಿಗಳು ಬಿಟಿಗೆ ಸಾಯುತ್ತವೆ ಎಂಬುದು ಲೆಕ್ಕ. ಆ ಪೊಟ್ಟಣ ಬಹುತೇಕ ಮನೆಗಳಲ್ಲಿ ಮೂಲೆ ಸೇರಿತು. ರೈತರನ್ನು ಮಾತ್ರ ದೂರುವುದು ನ್ಯಾಯವಲ್ಲ, ಏಕೆಂದರೆ ನಮ್ಮದು ಸಂಕರ ತಳಿಗಳ ದೇಶ. ಸಂಕರದ ಒಂದು ಪೋಷಕ ಮಾತ್ರ ಬಿಟಿಯಾಗಿದ್ದರೆ, ಗಿಡ ಪೂರ್ತಿ ಬಿಟಿಯಾದರೂ ಕಾಯಿಯೊಳಗಿನ ಬೀಜಗಳಲ್ಲಿ ಕೆಲವಕ್ಕೆ ಎರಡೂ ಜೀನ್, ಕೆಲವಕ್ಕೆ ಒಂದೇ, ಅಲ್ಲೊಂದು ಇಲ್ಲೊಂದಕ್ಕೆ ಒಂದೂ ಇಲ್ಲ. ಗುಲಾಬಿ ಕಾಯಿಕೊರಕ ಬೀಜವನ್ನೇ ತಿನ್ನುವ ಹುಳು. ಒಂದೇ ಕಾಯಿಯಲ್ಲಿ ವಿಷವಿಲ್ಲದ ಬೀಜ, ಅರೆವಿಷದ ಬೀಜ ಎಲ್ಲವೂ ಸಿಗುವುದರಿಂದ ಅರೆಬರೆ ನಿರೋಧಕತೆಯ ಹುಳುಗಳೂ ಬದುಕುಳಿದು ಸಂತತಿ ಬೆಳೆಸುತ್ತವೆ.

ಅರಿಜೋನದಲ್ಲಿ ಇದೇ ಕ್ರೈ1ಎಸಿ, ಇದೇ ಕ್ರೈ2ಎಬಿ, ಇದೇ ಹುಳು. ಅಲ್ಲಿ ಮೊದಲು ಆಶ್ರಯ ಬೆಳೆಯ, ಅಂದರೆ ಜೊತೆಗೆ ನಾನ್-ಬಿಟಿ ಹತ್ತಿ ಬಿತ್ತುವ, ನಿಯಮವನ್ನು ಪಾಲಿಸಿದರು, ಬಳಿಕ ಬಂಜೆ ಮಾಡಿದ ಪತಂಗಗಳನ್ನು ವಿಮಾನಗಳಿಂದ ರಾಶಿ ರಾಶಿಯಾಗಿ ಬಿಟ್ಟರು, ಮತ್ತು 2018ರಲ್ಲಿ ಅಮೆರಿಕದ ಹತ್ತಿ ಪ್ರದೇಶಗಳಿಂದ ಈ ಹುಳು ನಿರ್ಮೂಲವಾಯಿತೆಂದು ಅಧಿಕೃತವಾಗಿ ಘೋಷಿಸಲಾಯಿತು.

ಉತ್ತರ: ಸೂಕ್ಷ್ಮಜೀವಿ

ಔಷಧದಲ್ಲಿ ಗುರಿ ಬದಲಾಗುವುದಿಲ್ಲ ಎಂಬ ಮಾತಿಗೆ ನನ್ನದೊಂದು ಆಕ್ಷೇಪವಿದೆ. ಮಧುಮೇಹಕ್ಕೆ ಅದು ನಿಜ, ಸೋಂಕಿಗೆ ನಿಜವಲ್ಲ. 1958ರಿಂದ ಬಳಕೆಯಲ್ಲಿರುವ ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ಕೂಡ ಮೂಲತಃ ಪೆಪ್ಟೈಡೇ. ಬ್ಯಾಕ್ಟೀರಿಯಾದ ಕೋಶಭಿತ್ತಿಯ ಎರಡು ಅಲನೀನುಗಳ ತುದಿಯನ್ನು ಅದು ಹಿಡಿಯುತ್ತದೆ. ಎಂಟರೊಕಾಕಸ್ ಎಂಬ ಬ್ಯಾಕ್ಟೀರಿಯಾದ ನಿರೋಧಕ ಬಗೆ ಕೊನೆಯ ಅಲನೀನಿನ ಬದಲಿಗೆ ಲ್ಯಾಕ್ಟೇಟನ್ನು ಇಟ್ಟುಕೊಂಡಿತು, ಔಷಧದ ಹಿಡಿತ ಸುಮಾರು ಸಾವಿರ ಪಟ್ಟು ಸಡಿಲವಾಯಿತು. ನಿಮ್ಮ ಕ್ಯಾಡ್ಹೆರಿನ್ ಕಥೆಯೂ ಇದೂ ಒಂದೇ. 2017ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ಡೇಲ್ ಬೋಗರ್ ಅವರ ಗುಂಪು ವ್ಯಾಂಕೊಮೈಸಿನ್ನಿನ ಒಂದೇ ಅಣುವಿನಲ್ಲಿ ಮೂರು ತಿದ್ದುಪಡಿ ಮಾಡಿ, ಮೂರೂ ಬೇರೆ ಬೇರೆ ಬಗೆಯಲ್ಲಿ ಬ್ಯಾಕ್ಟೀರಿಯಾವನ್ನು ಕಾಡುವಂತೆ ಮಾಡಿತು. ಹೀಗಾಗಿ ಗೆರೆ ಎಳೆಯಬೇಕಾದದ್ದು ಔಷಧಕ್ಕೂ ಬೆಳೆಗೂ ನಡುವೆ ಅಲ್ಲ, ತಲೆಮಾರುಗಳು ಬೇಗ ಉರುಳುವ ಶತ್ರುವಿಗೂ ನಮ್ಮದೇ ದೇಹಕ್ಕೂ ನಡುವೆ.

ಪ್ರಶ್ನೆ ಕೇಳಿದವರು: ಮಾನ್ವಿ_ಔಷಧದಂಗಡಿ

ಮೂವರಿಗೂ ಧನ್ಯವಾದಗಳು. ಪೊಟ್ಟಣದ ಮಾತು ನಮ್ಮ ಮನೆಗೂ ಅನ್ವಯಿಸುತ್ತದೆ ಎಂಬುದನ್ನು ತಮ್ಮನಿಗೆ ಓದಿ ಹೇಳಿದೆ. ಇನ್ನೊಂದು ಸಂದೇಹ: ಗಿಡದೊಳಗೆ ಜೀನ್ ಸೇರಿಸುವ ಬದಲು, ಔಷಧದಂತೆ ಪೆಪ್ಟೈಡನ್ನೇ ಕಾರ್ಖಾನೆಯಲ್ಲಿ ತಯಾರಿಸಿ ಸಿಂಪಡಿಸಲು ಬರುವುದಿಲ್ಲವೇ? ಹಾಗಾದರೆ ಅನುಮತಿಯ ಗೊಂದಲವೂ ಕಡಿಮೆ, ಹುಳು ಬಂದಾಗ ಮಾತ್ರ ಬಳಸಬಹುದು.

ಉತ್ತರ: ಕೀಟಶಾಸ್ತ್ರ_ಧಾರವಾಡ

ಸೂಕ್ಷ್ಮಜೀವಿಯವರ ಆಕ್ಷೇಪವನ್ನು ಒಪ್ಪುತ್ತೇನೆ, ಅವರು ಎಳೆದ ಗೆರೆಯೇ ಸರಿ.

ಸಿಂಪರಣೆಯ ಪೆಪ್ಟೈಡ್ ಈಗಾಗಲೇ ಅಮೆರಿಕದ ಮಾರುಕಟ್ಟೆಯಲ್ಲಿದೆ. ಆಸ್ಟ್ರೇಲಿಯಾದ ಬ್ಲೂ ಮೌಂಟನ್ಸ್ ಪ್ರದೇಶದ ಫನಲ್-ವೆಬ್ ಜೇಡದ ವಿಷದಲ್ಲಿರುವ ಒಂದು ಪೆಪ್ಟೈಡನ್ನು ವೆಸ್ಟರಾನ್ ಎಂಬ ಕಂಪನಿ ಯೀಸ್ಟಿನಲ್ಲಿ ತಯಾರಿಸಿ ಸ್ಪಿಯರ್ ಎಂಬ ಹೆಸರಿನಲ್ಲಿ ಮಾರುತ್ತದೆ. ಅದರ ಸರಪಳಿಯನ್ನು ಮೂರು ಗಂಧಕದ ಬಂಧಗಳು ಗಂಟು ಹಾಕಿ ಬಿಗಿದಿರುವುದರಿಂದ ಕಿಣ್ವಗಳಿಗೆ ಅದು ಸುಲಭದ ತುತ್ತಲ್ಲ. ಆದರೂ ಜೇಡ ತನ್ನ ವಿಷವನ್ನು ಚುಚ್ಚುತ್ತದೆ, ನಾವು ತಿನ್ನಿಸಬೇಕು. ಕರುಳಿನ ಗೋಡೆ ದಾಟುವ ಕಷ್ಟ ಮೇಲೆ ಗುಳಿಗೆಯ ಬಗ್ಗೆ ಬರೆದಿರುವಂಥದ್ದೇ. ಅದಕ್ಕಾಗಿಯೇ ಎಲೆ ತಿನ್ನುವ ಹುಳುಗಳಿಗೆ ಇದನ್ನು ಬಳಸುವಾಗ ಅಲ್ಪ ಪ್ರಮಾಣದ ಬಿಟಿಯನ್ನು ಬೆರೆಸಲು ಹೇಳುತ್ತಾರೆ. ಬಿಟಿ ಕರುಳಿನಲ್ಲಿ ದಾರಿ ಮಾಡಿಕೊಟ್ಟರೆ ಜೇಡದ ಪೆಪ್ಟೈಡ್ ಒಳನುಗ್ಗುತ್ತದೆ.

ನಿಮ್ಮ ಹೊಲದ ಹುಳುವಿಗೆ ಮಾತ್ರ ಇದು ಹೆಚ್ಚು ಉಪಯೋಗಕ್ಕೆ ಬರದು. ಮೊಟ್ಟೆಯೊಡೆದ ಮರಿ ಸ್ವಲ್ಪ ಹೊತ್ತಿನಲ್ಲೇ ಹೂವಿಗೋ ಎಳೆಗಾಯಿಗೋ ಕೊರೆದು ಒಳಸೇರುತ್ತದೆ, ಕೊರೆದ ತೂತು ಮುಚ್ಚಿಕೊಳ್ಳುತ್ತದೆ, ಆಮೇಲೆ ಎಲೆಯ ಮೇಲೆ ಬಿದ್ದ ಯಾವ ಪೆಪ್ಟೈಡೂ ಅದರ ಬಾಯಿಗೆ ಹೋಗುವುದಿಲ್ಲ. ಬೀಜದೊಳಗೆ ಇರುವ ಪ್ರೋಟೀನ್ ಮಾತ್ರ ಅದಕ್ಕೆ ತಲುಪುತ್ತದೆ. ಆದ್ದರಿಂದಲೇ ಈ ಒಂದು ಕೀಟದ ಮಟ್ಟಿಗೆ ಗಿಡದೊಳಗಿನ ಜೀನಿಗೆ ಸಿಂಪರಣೆ ಬದಲಿಯಾಗಲಾರದು ಎಂಬುದು ನನ್ನ ಅಭಿಪ್ರಾಯ.

2024ರಲ್ಲಿ ನೊಬೆಲ್ ಪಡೆದ ಡೇವಿಡ್ ಬೇಕರ್ ಅವರ ಮಾದರಿಯ ಗಣಕ ವಿನ್ಯಾಸದಿಂದ, ಹುಳುವಿನ ಬದಲಾದ ರಿಸೆಪ್ಟರಿಗೆ ಹೊಂದುವ ಪ್ರೋಟೀನನ್ನು ಬರೆಯುವ ಕೆಲಸ ಮುಂದೆ ಬಹಳ ಬೇಗ ಆಗಬಹುದು. ಆದರೆ ಅದನ್ನು ಹತ್ತಿಗೆ ಸೇರಿಸಿ, ಸುರಕ್ಷತೆಯ ಪರೀಕ್ಷೆ ಮುಗಿಸಿ, ತಳಿಗೆ ತರಲು ಹಿಡಿಯುವ ವರ್ಷಗಳು ಅದರಿಂದ ಅಷ್ಟಾಗಿ ಕಡಿಮೆಯಾಗುವುದಿಲ್ಲ. ತಮ್ಮನವರು ಈ ಹಂಗಾಮಿಗೆ ಕಡಿಮೆ ಅವಧಿಯ ತಳಿಯನ್ನು ಆರಿಸಲಿ, ಹೂ ಬಿಡುವ ಕಾಲಕ್ಕೆ ಮೋಹಕ ಬಲೆಗಳನ್ನು (ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಬಲೆಗಳನ್ನು) ಕಟ್ಟಿ ದಿನವೂ ಬಿದ್ದ ಪತಂಗಗಳನ್ನು ಎಣಿಸಲಿ, ಗುಲಾಬಿ ಮೊಗ್ಗಿನಂತೆ ಮುದುಡಿಕೊಂಡು ಅರಳದ ಹೂಗಳನ್ನು ಕಿತ್ತು ಸುಡಲಿ. ಕಾಲುವೆಯಲ್ಲಿ ನೀರಿದೆಯೆಂದು ಫೆಬ್ರವರಿಯವರೆಗೆ ಗಿಡವನ್ನು ಉಳಿಸಿಕೊಳ್ಳದೆ ಡಿಸೆಂಬರಿನಲ್ಲೇ ಕಿತ್ತರೆ, ಮುಂದಿನ ವರ್ಷಕ್ಕೆ ದಾಟುವ ಹುಳುವಿನ ಸಂಖ್ಯೆಯೇ ಇಳಿಯುತ್ತದೆ. ಹೊಲದಂಚಿನಲ್ಲಿ ಒಟ್ಟುವ ಹತ್ತಿ ಕಟ್ಟಿಗೆಯಲ್ಲಿ ಒಡೆಯದ ಕಾಯಿಗಳು ಉಳಿದಿದ್ದರೆ ಹುಳು ಅವುಗಳೊಳಗೇ ಬೇಸಿಗೆ ಕಳೆಯುತ್ತದೆ, ಹಾಗಾಗಿ ಆ ಕಟ್ಟಿಗೆಯನ್ನೂ ಮುಂದಿನ ಬಿತ್ತನೆಗೆ ಮೊದಲೇ ವಿಲೇವಾರಿ ಮಾಡಬೇಕು.