ಜೀವಂತ ಮಾಡೆಲ್ ಮೇಲೆ ಅಚ್ಚು: ಮೋಲ್ಡ್ ಮೇಷ್ಟ್ರಿಗೆ ಪ್ರಶ್ನೆಗಳು

ಶಿಲ್ಪ ಕಲಿಯುವವ: ಸಾರ್, ನಿನ್ನೆ ಮೊದಲ ಸಲ ಎದೆ-ಹೊಟ್ಟೆ ಭಾಗದ ಕಾಸ್ಟ್ (ಮೈ ಮೇಲಿಂದ್ಲೇ ಅಚ್ಚು ತೆಗೆದು ಎರಕ ಹೊಯ್ಯೋದು) ಮಾಡ್ತಿದ್ವಿ. ಮಾಡೆಲ್ ನಿಂತಿದ್ರು, ಆಲ್ಜಿನೇಟ್ (ನೀರಲ್ಲಿ ಕಲಸಿ ಮೈಗೆ ಹಚ್ಚಿದ್ರೆ ರಬ್ಬರಿನಂಗೆ ಸೆಟ್ ಆಗೋ ಪುಡಿ) ಮೇಲೆ ಪ್ಲಾಸ್ಟರ್ ಬ್ಯಾಂಡೇಜ್ ಹಾಕೋ ಹೊತ್ತಿಗೆ ಕಣ್ಣು ಕತ್ತಲೆ ಬರ್ತಿದೆ ಅಂದ್ರು, ಇನ್ನೆರಡೇ ನಿಮಿಷ ಅಂದೆ, ಅಷ್ಟರಲ್ಲಿ ಕುಸಿದುಬಿಟ್ರು. ಫ್ರೆಂಡ್ ಹಿಡ್ಕೊಂಡ. ಅಚ್ಚೂ ಒಡೀತು. ಎಲ್ಲಿ ತಪ್ಪಿದೆ?

ಹೊಸಬ: ಆಲ್ಜಿನೇಟ್ ಎಷ್ಟೊತ್ತಿಗೆ ಸೆಟ್ ಆಗತ್ತೆ?

ಮೋಲ್ಡ್ ಮೇಷ್ಟ್ರು: ಹೊಸಬ, ಪ್ಯಾಕೆಟ್ ಮೇಲಿರತ್ತೆ. ನೀರು ಬೆಚ್ಚಗಿದ್ರೆ ಬೇಗ, ತಣ್ಣಗಿದ್ರೆ ನಿಧಾನ.

ಶಿಲ್ಪ, ತಪ್ಪಿದ್ದು ಆ "ಇನ್ನೆರಡೇ ನಿಮಿಷ"ದಲ್ಲಿ. ಮಂಡಿ ಬಿಗಿ ಹಿಡಿದು ಅಲ್ಲಾಡದೆ ನಿಂತ್ರೆ ರಕ್ತ ಕಾಲಲ್ಲೇ ನಿಲ್ಲತ್ತೆ, ತಲೆಗೆ ಕಮ್ಮಿ ಆಗತ್ತೆ, ಮೇಲಿಂದ ಎದೆ ಮೇಲೆ ಒದ್ದೆ ಭಾರ, ಪೂರ್ತಿ ಉಸಿರು ಎಳ್ಕೊಳ್ಳೋಕೂ ಹಿಂಜರಿಕೆ. ನಾನೂ ಇದೇ ತಪ್ಪು ಮಾಡಿದೀನಿ. ಅಂಚು ನೀಟಾಗಿ ಬರ್ಲಿ ಅಂತ ಬಗ್ಗಿ ಸೊಂಟದ ಹತ್ರ ಬ್ಯಾಂಡೇಜ್ ಉಜ್ತಾ ಇದ್ದೆ, ಮುಖ ನೋಡ್ಲೇ ಇಲ್ಲ. ತಲೆ ಎತ್ತಿದಾಗ ಹುಡುಗನ ತುಟಿ ಬಿಳಿಚಿಕೊಂಡಿತ್ತು, ಮೇಲ್ದುಟಿ ಮೇಲೆ ಬೆವರಿನ ಹನಿ ಸಾಲಾಗಿ ನಿಂತಿತ್ತು. ಆಗ್ಲೂ ನಾನು ಅಚ್ಚು ಉಳಿಸೋಕೆ ನೋಡಿದೆ, ಅದಕ್ಕೆ ಇವತ್ತಿಗೂ ನಾಚಿಕೆ ಆಗತ್ತೆ. ಈಗ ಮಾಡೆಲ್‌ಗೆ ಎತ್ತರದ ಸ್ಟೂಲ್, ಬೆನ್ನಿಗೆ ಆಸರೆ. ಮುಖ ನೋಡೋದೊಂದೇ ಕೆಲಸ ಅಂತ ಒಬ್ಬರು ಇರ್ಬೇಕು, ಅವ್ರು ಬಕೆಟ್ ಮುಟ್ಟಂಗಿಲ್ಲ. ಕಣ್ಣು ಕತ್ತಲೆ, ವಾಕರಿಕೆ, ಕಿವಿ ಗುಂಯ್ ಅಂದ ತಕ್ಷಣ ಅಚ್ಚು ಕಿತ್ತು ಹಾಕಿ, ಮಲಗಿಸಿ ಕಾಲು ಎತ್ತರಕ್ಕಿಡಿ.

ಬಣ್ಣದವಳು: ಕಾಸ್ಟ್ ಒಣಗಿದ ಮೇಲೆ ಯಾವ ಪೇಂಟ್ ಹಚ್ಚೋದು ಸಾರ್?

ಗಾರೆ ಕೈ: ನಂಗೊಂದು ಫಾರ್ವರ್ಡ್ ಬಂದಿದೆ, ಆಲ್ಜಿನೇಟ್ ಖರ್ಚೇ ಬೇಡ, ಕೈನ ಸೀದಾ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಕೆಟ್‌ಗೆ ಅದ್ದಿ, ಬಿಸಿನೀರು, ಉಪ್ಪು ಹಾಕಿದ್ರೆ ಬೇಗ ಗಟ್ಟಿ ಅಂತೆ.

ಮೋಲ್ಡ್ ಮೇಷ್ಟ್ರು: ಡಿಲೀಟ್ ಮಾಡಿ, ಯಾರಿಗೂ ಕಳಿಸ್ಬೇಡಿ. ಪ್ಲಾಸ್ಟರ್ ನೀರು ಕುಡಿದು ಗಟ್ಟಿ ಆಗೋವಾಗ ತಾನೇ ಬಿಸಿ ಆಗತ್ತೆ, ದಪ್ಪಗಿದ್ರೆ 60 ಡಿಗ್ರಿ ತಲುಪಬಹುದು, ಅಷ್ಟೊತ್ತಿಗೆ ಬೆರಳು ಒಳಗೆ ಸಿಕ್ಕಿ ಹಾಕ್ಕೊಂಡಿರತ್ತೆ. 2007ರಲ್ಲಿ ಇಂಗ್ಲೆಂಡ್‌ನಲ್ಲಿ 16 ವರ್ಷದ ಹುಡುಗಿ ಶಾಲೆಯ ಆರ್ಟ್ ಕ್ಲಾಸಲ್ಲಿ ಹೀಗೇ ಕೈ ಇಟ್ಟು ಬೆರಳು ಕಳ್ಕೊಂಡ್ಳು. ಬಿಸಿನೀರು, ಉಪ್ಪು ಅದನ್ನ ಇನ್ನೂ ಬೇಗ ಮಾಡ್ತವೆ ಅಷ್ಟೇ.

ಗಾರೆ ಕೈ: ಕೇಳಿದೆ ಅಷ್ಟೇ ಸಾರ್, ಕೋಪ ಯಾಕೆ.

ಮುಖವಾಡದವ: ಮುಖದ ಕಾಸ್ಟ್‌ಗೆ ಮೂಗಲ್ಲಿ ಸ್ಟ್ರಾ ಇಟ್ರೆ ಸೇಫ್.

ನಾಟಕ ಮೇಕಪ್: ಸೇಫ್ ಅಲ್ಲ ರೀ. ಕೈ ತಗುಲಿದ್ರೆ ಒಳಗೆ ಚುಚ್ಚತ್ತೆ, ಹೊಳ್ಳೆ ಆಕಾರನೂ ಕೆಡತ್ತೆ.

ಮುಖವಾಡದವ: ನಾವು ವರ್ಷಗಟ್ಟಲೆ ಹಾಗೇ ಮಾಡಿದೀವಿ, ಏನೂ ಆಗಿಲ್ಲ.

ನಾಟಕ ಮೇಕಪ್: ಆಗಿಲ್ಲ ಅಂದ್ರೆ ಸರಿ ಅಂತಲ್ಲ. ಅಚ್ಚಿನ ಅಡಿಯಲ್ಲಿ ಕೂತಿರೋ ಮಾಡೆಲ್‌ನ ಕೇಳಿ.

ಮುಖವಾಡದವ: ನೀವು ಎಷ್ಟು ಮುಖ ಮಾಡಿದೀರ ಹೇಳಿ ಮೊದ್ಲು?

ಮೋಲ್ಡ್ ಮೇಷ್ಟ್ರು: ಸ್ಟ್ರಾ ಬೇಡ. ಹೊಳ್ಳೆ ತೆರೆದೇ ಇರ್ಲಿ, ಸುತ್ತ ಕೊನೇಲಿ ಹಚ್ಚಿ. ಜಗಳ ಇಲ್ಲಿ ಬೇಡ.

ಹುಬ್ಬು ಕಳ್ಕೊಂಡವ: ಹುಬ್ಬು ಕಿತ್ತು ಬಂತು. ಎರಡು ದಿನ ಬಿಟ್ಟು ಎರಕ ಹೊಯ್ದೆ, ಮುಖಾನೂ ಸಣ್ಣಗಾಗಿದೆ.

ಮೋಲ್ಡ್ ಮೇಷ್ಟ್ರು: ಹುಬ್ಬಿಗೆ ವ್ಯಾಸಲೀನ್. ಆಲ್ಜಿನೇಟ್ ಅಚ್ಚಲ್ಲಿ ಬಹುಪಾಲು ನೀರು, ಒಣಗಿದಂಗೆ ಕುಗ್ಗತ್ತೆ. ಅವತ್ತೇ ಎರಕ ಹೊಯ್ಯಿ.

ಇನ್ನೊಬ್ಬ ಹೊಸಬ: ಸೆಟ್ ಆಗೋಕೆ ಎಷ್ಟು ನಿಮಿಷ ಸಾರ್?

ಮೋಲ್ಡ್ ಮೇಷ್ಟ್ರು: ಮೇಲೆ ಓದಿ. ಶಿಲ್ಪ, ಆ ಮಾಡೆಲ್ ಈಗ ಹೇಗಿದಾರೆ? ಬೀಳೋವಾಗ ತಲೆಗೆ ಏಟು ಬಿದ್ದಿಲ್ಲ ತಾನೆ?

ಶಿಲ್ಪ ಕಲಿಯುವವ: ಇಲ್ಲ ಅನ್ಕೋತೀನಿ ಸಾರ್. ಮನೆಗೆ ಹೋದ್ಮೇಲೆ ಮಾತಾಡಿಲ್ಲ.

ಮೋಲ್ಡ್ ಮೇಷ್ಟ್ರು: ಫೋನ್ ಮಾಡಿ. ಈಗ್ಲೇ.