ಧಾರವಾಡದ ಹಾಸ್ಟೆಲಿಗೆ ಹೊರಟ ಮಗಳಿಗೆ ಎಂಥ ಹಾಸಿಗೆ ಕಳಿಸಬೇಕು?

ನಾವು ರೋಣ ತಾಲ್ಲೂಕಿನವರು. ಮಗಳಿಗೆ ಧಾರವಾಡದ ಕಾಲೇಜೊಂದರಲ್ಲಿ ಪ್ರವೇಶ ಸಿಕ್ಕಿದ್ದು, ಜುಲೈನಲ್ಲಿ ಹಾಸ್ಟೆಲಿಗೆ ಸೇರಬೇಕಾಗಿದೆ. ಕೋಣೆಯಲ್ಲಿ ಕಬ್ಬಿಣದ ಮಂಚ, ಮೇಜು, ಕುರ್ಚಿ ಇರುತ್ತವೆ, ಹಾಸಿಗೆ-ಹೊದಿಕೆ ನೀವೇ ತರಬೇಕು ಎಂದಿದ್ದಾರೆ. ಮನೆಯಲ್ಲಿ ದಪ್ಪನೆಯ ಅರಳೆ ಗಾದಿ ಇದೆ. ಅದನ್ನೇ ಕಳಿಸಬಹುದೇ, ಹೊಸದಾಗಿ ಫೋಮಿನ ಗಾದಿ ಕೊಳ್ಳಬೇಕೇ? ಉಳಿದಂತೆ ಏನೇನು ಬೇಕಾಗುತ್ತದೆ? ಅನುಭವವಿದ್ದವರು ದಯವಿಟ್ಟು ತಿಳಿಸಿರಿ.

ಗದಗಿನ ತಾಯಿಯೊಬ್ಬರ ಉತ್ತರ:
ಅಕ್ಕಾವರೆ, ನನ್ನ ಇಬ್ಬರು ಮಕ್ಕಳೂ ಧಾರವಾಡದ ಹಾಸ್ಟೆಲಿನಲ್ಲಿದ್ದು ಓದಿದವರು. ನೀವು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಅಲ್ಲಿನ ಮಳೆಯನ್ನು. ನಮ್ಮ ಎರೆಸೀಮೆಯಲ್ಲಿ ಗಾದಿಯನ್ನು ಮಾಳಿಗೆಯ ಮೇಲೆ ಹಾಕಿದರೆ ಮಧ್ಯಾಹ್ನದೊಳಗೆ ಗರಿಗರಿಯಾಗಿ ಒಣಗುತ್ತದೆ. ಧಾರವಾಡವಾದರೋ ಮಲೆನಾಡಿನ ಸೆರಗಿನಲ್ಲಿರುವ ಊರು. ಜುಲೈ, ಆಗಸ್ಟಿನಲ್ಲಿ ಜಿಟಿಜಿಟಿ ಮಳೆ ಹಿಡಿಯಿತೆಂದರೆ ದಿನಗಟ್ಟಲೆ ಬಿಸಿಲು ಕಾಣುವುದಿಲ್ಲ. ಆ ಹವೆಯಲ್ಲಿ ದಪ್ಪ ಅರಳೆ ಗಾದಿ ತೇವ ಹೀರಿ ಮುಗ್ಗಲು ವಾಸನೆ ಹಿಡಿಯುತ್ತದೆ. ದಪ್ಪ ಫೋಮಿನದು ಒಮ್ಮೆ ನೆನೆದರೆ ಒಳಗಿನವರೆಗೆ ಒಣಗುವುದೇ ಕಷ್ಟ, ಮಡಚಿ ಹೊರಗೆ ತರುವುದೂ ಒಬ್ಬ ಹುಡುಗಿಯಿಂದ ಆಗುವ ಕೆಲಸವಲ್ಲ. ಆದ್ದರಿಂದ ಮೆತ್ತಗಿದೆಯೇ ಎಂದು ನೋಡುವುದಕ್ಕಿಂತ, ಮಗಳೊಬ್ಬಳೇ ಎತ್ತಿ ಬಿಸಿಲಿಗೆ ಹಾಕಬಲ್ಲಳೇ ಎಂದು ನೋಡಿ ಆರಿಸಿರಿ.

ನಾವು ಮಾಡಿದ್ದನ್ನು ಹೇಳುತ್ತೇನೆ. ಮನೆಯ ದಪ್ಪ ಗಾದಿಯನ್ನು ಬಿಚ್ಚಿಸಿ, ಅರಳೆಯನ್ನು ಹೊಸದಾಗಿ ಹಿಂಜಿಸಿ, ಅದರಲ್ಲೇ ಎರಡು ತೆಳು ಗಾದಿಗಳನ್ನು ಹೊಲಿಸಿದೆವು. ಒಂದು ಹಾಸ್ಟೆಲಿಗೆ ಹೋಯಿತು, ಇನ್ನೊಂದು ಮನೆಯಲ್ಲಿ ಉಳಿಯಿತು. ಹೊಲಿಸುವ ಮೊದಲು ಮಂಚದ ಅಳತೆಯನ್ನು ವಾರ್ಡನ್ನರಿಂದ ಕೇಳಿ ಪಡೆಯಿರಿ. ಹಾಸ್ಟೆಲಿನ ಮಂಚ ಎರಡೂವರೆ ಅಡಿ ಅಗಲದ್ದೂ ಇರುತ್ತದೆ, ಮೂರು ಅಡಿಯದ್ದೂ ಇರುತ್ತದೆ. ಮಂಚಕ್ಕೆ ತಗಡು ಹೊಡೆದಿದ್ದರೆ ಅದರ ತಣ್ಣನೆಯ ಮೈ ಗಾದಿಗೆ ತಾಗದಂತೆ ಕೆಳಗೊಂದು ಜಮಖಾನ ಹಾಸುವುದು ಅವಶ್ಯ. ಸಾದಾ ಹತ್ತಿಯದೇ ಸಾಕು. ನವಲಗುಂದದ ಹೆಣ್ಣುಮಕ್ಕಳು ನೇಯುವ ಚಿತ್ತಾರದ ಜಮಖಾನ ಬಹಳ ಚೆಂದ, ಆದರೆ ಅದನ್ನು ಹಾಸ್ಟೆಲಿನ ಮಂಚದ ಕೆಳಹಾಸು ಮಾಡಲು ನನಗಂತೂ ಮನಸ್ಸು ಬರುವುದಿಲ್ಲ. ಗಾದಿಗೆ ಜಿಪ್ ಇರುವ ಹತ್ತಿಯ ಗವಸು ಹಾಕಿಸಿರಿ. ಚಾದರಗಳು ಮೂರಿರಲಿ: ಒಂದು ಹಾಸಿಗೆಯ ಮೇಲೆ, ಒಂದು ಹಗ್ಗದ ಮೇಲೆ, ಒಂದು ಕಪಾಟಿನಲ್ಲಿ. 60×90 ಇಂಚಿನ ಒಂಟಿ ಚಾದರ ಈ ಮಂಚಗಳಿಗೆ ಸರಿಹೋಗುತ್ತದೆ.

ಹೊದಿಕೆಗೆ ಮನೆಯ ಕೌದಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಡಿಸೆಂಬರ್, ಜನವರಿಯ ಚಳಿಗೆ ಅದೇ ಸಾಕು, ಅಜ್ಜಿಯ ಸೀರೆಯ ತುಣುಕುಗಳಿರುವ ಕೌದಿಯಾದರೆ ಊರು ಬಿಟ್ಟು ಬಂದ ಮಗುವಿಗೆ ಧೈರ್ಯವೂ ಆಗುತ್ತದೆ.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಓದಿದ ಹಾವೇರಿಯವರೊಬ್ಬರ ಉತ್ತರ:
ಮೇಲಿನ ಅಕ್ಕಾವರು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ, ಕೌದಿಯ ವಿಷಯವೊಂದನ್ನು ಬಿಟ್ಟು. ನೆನೆದ ಕೌದಿಯನ್ನು ಹಾಸ್ಟೆಲಿನ ಬಚ್ಚಲಲ್ಲಿ ಹಿಂಡುವುದು ಎಷ್ಟು ಕಷ್ಟವೆಂಬುದು ಹಿಂಡಿದವರಿಗೇ ಗೊತ್ತು. ಮಳೆಗಾಲದಲ್ಲಂತೂ ಅದು ಒಣಗುವ ಮಾತೇ ಇಲ್ಲ. ಮೊದಲ ನಾಲ್ಕು ತಿಂಗಳಿಗೆ ಹಗುರವಾದ ರಗ್ಗು ಕೊಟ್ಟು, ದೀಪಾವಳಿಗೆ ಊರಿಗೆ ಬಂದಾಗ ಕೌದಿ ಕಳಿಸಿರಿ. ಟವೆಲ್ಲಿಗೂ ಇದೇ ಮಾತು ಸಲ್ಲುತ್ತದೆ: ದಪ್ಪನೆಯ ಟರ್ಕಿ ಟವೆಲ್ಲಿನ ಬದಲು ತೆಳುವಾದ ಕೈಮಗ್ಗದವು ಎರಡಿರಲಿ.

ನೀರಿನ ಬಗ್ಗೆ ಯಾರೂ ಹೇಳಿಲ್ಲ. ಅವಳಿ ನಗರದ ಬಹಳಷ್ಟು ಕಡೆ ನಲ್ಲಿಯ ನೀರು ದಿನಾಲೂ ಬರುವುದಿಲ್ಲ, ಹಿಡಿದಿಟ್ಟುಕೊಂಡೇ ಬಳಸಬೇಕು. ಆದಕಾರಣ ಎರಡು ಬಕೆಟ್ ಕೊಡಿಸಿರಿ, ಅವುಗಳಲ್ಲಿ ಒಂದಕ್ಕೆ ಬಿಗಿಯಾದ ಮುಚ್ಚಳ ಇರಲೇಬೇಕು. ಡೆಂಗಿ ಹರಡುವ ಸೊಳ್ಳೆ ಇಂಥ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ ಮತ್ತು ಮೊಟ್ಟೆ ಹಾರುವ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ ಬಕೆಟ್ ಬರಿದು ಮಾಡಿ ಒಳಮೈಯನ್ನು ತಿಕ್ಕಿ ತೊಳೆಯುವಂತೆ ಮಗಳಿಗೆ ಹೇಳಿರಿ. ಆ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಹೀಗಾಗಿ ಸೊಳ್ಳೆಪರದೆಯನ್ನು ರಾತ್ರಿಯಷ್ಟೇ ಅಲ್ಲ, ಮಧ್ಯಾಹ್ನ ಮಲಗುವಾಗಲೂ ಕಟ್ಟಬೇಕು ಮತ್ತು ಅಂಚನ್ನು ಗಾದಿಯ ಕೆಳಗೆ ಸಿಕ್ಕಿಸಬೇಕು. ಮಂಚಕ್ಕೆ ಕೋಲುಗಳಿರದಿದ್ದರೆ ಬಿಚ್ಚಿ ಮಡಚುವ ಪರದೆ ಸಿಗುತ್ತದೆ.

ಎಕ್ಸ್‌ಟೆನ್ಶನ್ ಬೋರ್ಡಿಗೆ ಐಎಸ್‌ಐ ಗುರುತು ಇರಲಿ. ನೀರು ಕಾಯಿಸುವ ಕಾಯಿಲ್ ಮಾತ್ರ ಬೇಡವೇ ಬೇಡ: 1500 ವ್ಯಾಟಿನ ಕಾಯಿಲ್ 6 ಆಂಪಿಯರಿಗಿಂತ ಹೆಚ್ಚು ವಿದ್ಯುತ್ತು ಎಳೆಯುತ್ತದೆ, ಮೇಜಿನ ಬಳಿಯ ಸಣ್ಣ ಪ್ಲಗ್ಗು ಅದಕ್ಕಾಗಿ ಇರುವುದಲ್ಲ.

ಹಾಸ್ಟೆಲೊಂದರ ಉಸ್ತುವಾರಿ ನೋಡಿಕೊಂಡಿದ್ದವರೊಬ್ಬರ ಉತ್ತರ:
ತಾಯಿ, ಗಾದಿ ಹಾಸುವ ಮೊದಲು ಮಂಚವನ್ನು ಪರೀಕ್ಷಿಸಿರಿ. ಕಬ್ಬಿಣದ ಮಂಚದ ಸಂದುಗಳಲ್ಲಿ, ಕಾಲಿನ ಕೂಡುಗಳಲ್ಲಿ ಟಾರ್ಚ್ ಬಿಟ್ಟು ನೋಡಿದರೆ ತಿಗಣೆ ಇದ್ದಲ್ಲಿ ಕಪ್ಪು ಚುಕ್ಕೆಗಳು ಕಾಣುತ್ತವೆ. ಕಂಡರೆ ಮಂಚವನ್ನು ಹೊರಗೆ ತರಿಸಿ ಸಂದುಸಂದಿಗೂ ಕುದಿಯುವ ನೀರು ಸುರಿಸಬೇಕು. ಬಿಸಿಲಿಗೆ ಇಟ್ಟ ಮಾತ್ರಕ್ಕೆ ಸಂದಿನೊಳಗಿನವು ಸಾಯುವುದಿಲ್ಲ. ಆಮೇಲೆ ಮಂಚ ಗೋಡೆಯಿಂದ ಒಂದು ಗೇಣು ದೂರವಿರಲಿ. ಹೋದ ವರ್ಷದ ವಿದ್ಯಾರ್ಥಿಗಳು ಬಿಟ್ಟುಹೋದ ಗಾದಿ ಅಗ್ಗಕ್ಕೆ ಸಿಗುತ್ತದೆಂದು ಯಾರಾದರೂ ಕೊಡಲು ಬಂದರೆ ದಯವಿಟ್ಟು ತೆಗೆದುಕೊಳ್ಳಬೇಡಿರಿ. ತಿಗಣೆ ಕೋಣೆಯಿಂದ ಕೋಣೆಗೆ ಹೋಗುವುದನ್ನು ನಾನು ಕಂಡಿರುವುದೇ ಇಂಥ ಗಾದಿಗಳ ಮೂಲಕ.

ಗದಗಿನ ತಾಯಿ ಮತ್ತೆ ಬರೆದದ್ದು:
ರಗ್ಗಿನ ಸಲಹೆ ಸರಿ; ಕೌದಿ ದೀಪಾವಳಿಗೇ ಹೋಗಲಿ. ಬಕೆಟ್, ಪರದೆ, ಬೋರ್ಡುಗಳನ್ನು ಬಸ್ಸಿನಲ್ಲಿ ಹೊತ್ತು ತರಬೇಡಿರಿ. ಕೋಣೆ ನೋಡಿದ ಮೇಲೆ ಧಾರವಾಡದ ಸುಭಾಸ್ ರಸ್ತೆಯಲ್ಲೋ ಹುಬ್ಬಳ್ಳಿಯ ದುರ್ಗದಬೈಲಿನಲ್ಲೋ ಕೊಳ್ಳಬಹುದು. ಊರಿನಿಂದ ಗಾದಿ, ಜಮಖಾನ, ದಿಂಬು, ಒಮ್ಮೆ ಒಗೆದು ಬಣ್ಣ ಬಿಡಿಸಿದ ಚಾದರಗಳು, ಮಂಚದ ಕೆಳಗೆ ಸರಿಯುವಂಥ ತಗ್ಗಿನ ಟ್ರಂಕು ಮತ್ತು ಎರಡು ಕೀಲಿಕೈ ಇರುವ ಬೀಗ ಬಂದರೆ ಸಾಕು. ಒಂದು ಕೀಲಿಕೈ ನಿಮ್ಮಲ್ಲಿರಲಿ.